ಏಳನೇ ಕ್ಲಾಸಿನ ಹುಡುಗನಿಗೆ ಪಾಠ ಬೇಡವೇ ಬೇಡ, ಏನು ಮಾಡಲಿ?

ಪ್ರಶ್ನೆ: ಸಾಗರದ ಕಡೆ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಒಬ್ಬ ಹುಡುಗ ಕೊನೆ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾನೆ. ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ. ಬಿಸಿಯೂಟದ ಗಂಟೆಗೆ ಮಾತ್ರ ಮುಖ ಅರಳುತ್ತದೆ.

ಉತ್ತರ: ರಾತ್ರಿ ನಿದ್ದೆ ಆಗುತ್ತಾ ಕೇಳಿದ್ರಾ ಮೇಡಂ? ಈಗ ಅಡಿಕೆ ಕೊಯ್ಲು. ನಮ್ಮೂರಲ್ಲಿ ಮಕ್ಕಳೂ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ.

ಉತ್ತರ: ಸದ್ಯಕ್ಕೆ ಬೋರ್ಡಿಗೆ ಕರೆಯಬೇಡಿ. ಎಲ್ಲರೆದುರು ತಪ್ಪಾದರೆ ಇನ್ನೂ ಮುದುಡುತ್ತಾನೆ. ಅವನಿಗೆ ಖಂಡಿತ ಬರುವ ಲೆಕ್ಕ ಕೊಡಿ.

ಪ್ರಶ್ನೆ ಕೇಳಿದವರು: ನಿಜ. ಬೆರಳೆಲ್ಲ ಅಡಿಕೆ ಚೊಗರಿಗೆ ಕಪ್ಪಾಗಿತ್ತು, ಇಷ್ಟು ದಿನ ನಾನು ನೋಡಿಯೇ ಇರಲಿಲ್ಲ. ತುಂಬಾ ಬೇಜಾರಾಯ್ತು. ಇವತ್ತು ಪಕ್ಕ ಕೂತು ಕೇಳಿದೆ: ಸುಲಿಯುವ ಕೂಲಿ ಕೆಜಿಗೆ 12 ರೂಪಾಯಿ ಆದರೆ 17.5 ಕೆಜಿಗೆ ಎಷ್ಟು? ಪೆನ್ನು ಮುಟ್ಟದೆ 'ಇನ್ನೂರ ಹತ್ತು' ಅಂದ! ಆಮೇಲೆ ಪಕ್ಕದವನಿಗೆ ಅವನೇ ಹೇಳಿಕೊಟ್ಟ. ನಾಳೆ ಅವನ ಅಪ್ಪನನ್ನು ಕಂಡು, ರಾತ್ರಿ ಕೆಲಸದ ಬಗ್ಗೆ ಮಾತಾಡುತ್ತೇನೆ.