ಫಿರೋಜಾ ಕಲ್ಲಿನ ಬೆಳ್ಳಿ ಕಡಗ: ಕಪ್ಪು ತೆಗೆಯಬೇಕಾ, ಬಿಡಬೇಕಾ?

ಕಲಬುರಗಿ ಸೊಸೆ:
ನನ್ನ ತಮ್ಮ ಅಮೆರಿಕದ ಅರಿಜೋನಾದಲ್ಲಿದ್ದಾನೆ. ಈ ಸಲ ಬರುವಾಗ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನ ಕೈಯಿಂದ ಮಾಡಿದ ಬೆಳ್ಳಿ ಕಡಗ ತಂದುಕೊಟ್ಟ. ನಡುವೆ ಹುಣಸೆಬೀಜದಷ್ಟು ಫಿರೋಜಾ (ಟರ್ಕ್ವಾಯ್ಸ್) ಕಲ್ಲು, ಅದರಲ್ಲಿ ಕಂದು ಎಳೆಗಳು. ಒಳಬದಿಗೆ ಎರಡಕ್ಷರದ ಗುರುತು, ಪಕ್ಕದಲ್ಲಿ ‘ಸ್ಟರ್ಲಿಂಗ್’ ಅಂತಿದೆ. ಕೆತ್ತಿದ ಗೆರೆಗಳಲ್ಲೆಲ್ಲ ಕಪ್ಪು. ನಮ್ಮತ್ತೆ, “ಹೊಸ ಬೆಳ್ಳಿ ಇಷ್ಟು ಮಾಸಿರುತ್ತದೇನವ್ವಾ?” ಅಂದವರೇ ವಿಭೂತಿ ಹಚ್ಚಿ ಒಂದು ತುದಿ ಉಜ್ಜಿಬಿಟ್ಟರು. ಅಲ್ಲಿ ಫಳಫಳ ಹೊಳೆಯುತ್ತಿದೆ, ಆದರೆ ಚಿತ್ತಾರವೇ ಕಾಣುತ್ತಿಲ್ಲ. ಇಲ್ಲಿನ ಒಂದು ಅಂಗಡಿಯಲ್ಲಿ ತೋರಿಸಿದೆ. “ಬೆಳ್ಳಿ ಕಲಬೆರಕೆ, ಹುಣಸೆಹುಳಿಯಲ್ಲಿ ಕುದಿಸಿ” ಅಂದರು. ಮನಸ್ಸು ಒಪ್ಪಲಿಲ್ಲ. ನನ್ನ ತವರು ಬೀದರ್. ಅಮ್ಮ ಬಿದ್ರಿ ಹೂದಾನಿಗೆ ಕೊಬ್ಬರಿ ಎಣ್ಣೆ ಒರೆಸುತ್ತಿದ್ದಳು. ಇದಕ್ಕೂ ಹಾಗೇ ಮಾಡಲಾ?

ಬಿದ್ರಿ ಮನೆಯವನು:
ಅಕ್ಕಾ, ದಯವಿಟ್ಟು ಹುಳಿಯಲ್ಲಿ ಕುದಿಸಬೇಡಿ. ಎಣ್ಣೆಯೂ ಬೇಡ. ಬಿದ್ರಿ ಅಂದರೆ ಸತು, ಜೊತೆಗೆ ಸ್ವಲ್ಪ ತಾಮ್ರ, ಅದರಲ್ಲಿ ಬೆಳ್ಳಿ ಕೂರಿಸಿದ ಕೆಲಸ. ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಿಗೆ ಎಣ್ಣೆ ಹಚ್ಚಿದರೆ ಕಳೆ ಬರುತ್ತದೆ. ಫಿರೋಜಾ ಹಾಗಲ್ಲ. ಅದು ತಾಮ್ರ ಬೆರೆತ ಮೆತ್ತನೆಯ ಕಲ್ಲು, ಸಣ್ಣ ಸಣ್ಣ ರಂಧ್ರ ಇರುತ್ತವೆ. ಎಣ್ಣೆ ಕುಡಿದು ನೀಲಿ ಹೋಗಿ ಹಸಿರಾಗುತ್ತದೆ. ಹುಳಿ ತಗಲಿದರೆ ಮೇಲಿನ ಮೆರುಗೇ ಹೋಗುತ್ತದೆ.

ಇನ್ನು ಆ ಕಪ್ಪು. ಅದು ಕೊಳೆ ಅಲ್ಲ ಅಕ್ಕಾ, ಬೇಕಂತಲೇ ಕೂರಿಸಿದ್ದು. ಗೆರೆಗಳು ಬಹುಶಃ ಕೆತ್ತಿದ್ದೂ ಅಲ್ಲ, ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ಹಳೇ ಅರ, ಗುಜರಿ ಕಬ್ಬಿಣ ತಂದು ಅಚ್ಚನ್ನು ತಾವೇ ಮಾಡಿಕೊಳ್ಳುವ ರೂಢಿ ನವಾಹೊ ಕೆಲಸಗಾರರಲ್ಲಿತ್ತು. ಇದನ್ನು ಓದಿದ ದಿನ ಬಹಳ ಖುಷಿಯಾಯಿತು. ನಮ್ಮ ತಂದೆಯವರೂ ತಮ್ಮ ಉಳಿಗಳನ್ನು ತಾವೇ ಮಸೆದು ಮಾಡಿಕೊಂಡವರು. ಆ ಕಪ್ಪು ತಿಕ್ಕಿದರೆ ಒಬ್ಬರ ಅರ್ಧ ಕೆಲಸ ಒರೆಸಿ ಹಾಕಿದ ಹಾಗೆ.

ಮೆತ್ತನೆ ಒಣ ಬಟ್ಟೆಯಿಂದ ಉಬ್ಬಿದ ಭಾಗ ಮಾತ್ರ ಒರೆಸಿ, ಸಾಕು. ಬೆಳ್ಳಿ ಅದ್ದುವ ದ್ರಾವಣ ಬೇಡವೇ ಬೇಡ. ಸೆಂಟು, ಪೌಡರು ಹಾಕಿಕೊಂಡ ಮೇಲೆ ಕಡಗ ಹಾಕಿ. ಪಾತ್ರೆ ತೊಳೆಯುವಾಗ ತೆಗೆದಿಡಿ.

ಫೀನಿಕ್ಸ್ ಕನ್ನಡತಿ:
‘ಕಲಬೆರಕೆ’ ಅಂದದ್ದು ಸರಿಯಲ್ಲ. ಸ್ಟರ್ಲಿಂಗ್ ಅಂದರೆ ನೂರಕ್ಕೆ 92.5 ಭಾಗ ಬೆಳ್ಳಿ. ಬರೀ ಬೆಳ್ಳಿ ತೀರಾ ಮೆತ್ತಗೆ, ಅದಕ್ಕೇ ತಾಮ್ರ ಸೇರಿಸುತ್ತಾರೆ. ಮೊದಲು ಮೆಕ್ಸಿಕೊ, ಅಮೆರಿಕದ ನಾಣ್ಯ ಕರಗಿಸಿ ಮಾಡುತ್ತಿದ್ದರು. ಈ ನವಾಹೊ ಜನರನ್ನು 1864ರಲ್ಲಿ ಅಮೆರಿಕದ ಸೈನ್ಯ ಊರು ಬಿಡಿಸಿ ನಡೆಸಿಕೊಂಡು ಹೋಗಿತ್ತು. 1868ರಲ್ಲಿ ವಾಪಸ್ ಬಂದ ಮೇಲೆ ಬೆಳ್ಳಿ ಕೆಲಸ ಹಬ್ಬಿತು, ಫಿರೋಜಾ ಕೂರಿಸಿದ್ದು ಸುಮಾರು 1880ರ ಹೊತ್ತಿಗೆ. ಕಂದು ಎಳೆ ದೋಷ ಅಲ್ಲ, ಕಲ್ಲು ಹುಟ್ಟಿದ ಬಂಡೆಯ ಗುರುತು. ಆದರೆ ಬಣ್ಣ ಹಾಕಿದ ಬಿಳಿ ಕಲ್ಲನ್ನೂ ಫಿರೋಜಾ ಅಂತ ಮಾರುವವರಿದ್ದಾರೆ. ಆ ಎರಡಕ್ಷರ ಯಾರ ಗುರುತು ಅಂತ ತಮ್ಮನಿಂದ ಕೊಂಡ ಅಂಗಡಿಯಲ್ಲೇ ಕೇಳಿಸಿ. ಬೇರೆಯವರು ಮಾಡಿದ್ದನ್ನು ನವಾಹೊ ಜನರ ಹೆಸರಲ್ಲಿ ಮಾರುವುದು 1990ರ ಕಾನೂನಿನ ಪ್ರಕಾರ ಇಲ್ಲಿ ಅಮೆರಿಕದಲ್ಲಿ ಅಪರಾಧ.

ಕಲಬುರಗಿ ಸೊಸೆ:
ಅಣ್ಣಾ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಕಡಗ ಕೈಗೆ ತೆಗೆದುಕೊಂಡು ಒಂದೊಂದೇ ಅಚ್ಚು ಬೆರಳಿಟ್ಟು ನೋಡಿದರು. ಉಜ್ಜಿದ ತುದಿಗೆ ಮತ್ತೆ ಕಪ್ಪು ಬರುತ್ತದಾ?

ಬಿದ್ರಿ ಮನೆಯವನು:
ಬರುತ್ತದೆ ಅಕ್ಕಾ. ದಿನಾ ಹಾಕಿಕೊಳ್ಳಿ. ಗಾಳಿಗೆ ಬೆಳ್ಳಿ ತಾನೇ ಕಪ್ಪಾಗುತ್ತದೆ, ಉಬ್ಬಿದ್ದು ಬಟ್ಟೆಗೆ ತಿಕ್ಕಿ ಬೆಳ್ಳಗಿರುತ್ತದೆ, ತಗ್ಗಿನಲ್ಲಿ ಕಪ್ಪು ನಿಲ್ಲುತ್ತದೆ. ಬೀದರಿಗೆ ಬಂದಾಗ ತನ್ನಿ, ನಮ್ಮ ತಂದೆಯವರಿಗೆ ಆ ಅಚ್ಚಿನ ಕೆಲಸ ತೋರಿಸಬೇಕು.