ಪ್ರಶ್ನೋತ್ತರ: ಮಜ್ಜಿಗೆ ಚೆಲ್ಲಿದೆ, ಆದ್ರೂ ಲ್ಯಾಪ್‌ಟಾಪ್ ನಡೀತಿದೆ. ಬಿಟ್ಟುಬಿಡಲಾ?

ಅಡ್ಮಿನ್: ನಮಸ್ಕಾರ. ಈ ಭಾನುವಾರದ ವಿಷಯ, ಲ್ಯಾಪ್‌ಟಾಪ್ ಮೇಲೆ ನೀರು, ಕಾಫಿ, ಇನ್ನೇನಾದರೂ ಚೆಲ್ಲಿದರೆ ಏನು ಮಾಡಬೇಕು. ಉತ್ತರ ಕೊಡುವವರು ನಮ್ಮ ಗುಂಪಿನ ‘ಬೆಸುಗೆ’. ಮೈಸೂರಿನಲ್ಲಿ 14 ವರ್ಷದಿಂದ ಲ್ಯಾಪ್‌ಟಾಪ್ ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ರಿಪೇರಿ ಮಾಡುತ್ತಿದ್ದಾರೆ. 10ರಿಂದ 1 ಗಂಟೆವರೆಗೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಪಿಜಿ ಹುಡುಗ: ಅಣ್ಣಾ, ಈಗಷ್ಟೇ ನೀರಿನ ಬಾಟಲಿ ಉರುಳಿತು. ಕೀಬೋರ್ಡ್ ಪೂರ್ತಿ ಒದ್ದೆ. ಲ್ಯಾಪ್‌ಟಾಪ್ ಇನ್ನೂ ಆನ್ ಇದೆ. ಮೊದಲು ಏನು ಮಾಡಲಿ?

ಬೆಸುಗೆ: ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಚಾರ್ಜರ್ ಪಿನ್ ಕೀಳಿ. ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಮೆನುಗೆ ಹೋಗಿ ಶಟ್‌ಡೌನ್ ಕೊಡಬೇಡಿ, ಅದು ಅಪ್‌ಡೇಟ್ ಶುರು ಮಾಡಿದರೆ ಕಥೆ ಮುಗೀತು. ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ. ಟವೆಲ್ ಹಾಸಿ ಅದರ ಮೇಲೆ ಹೆಂಚಿನ ಮಾಡಿನ ಹಾಗೆ ಕವುಚಿ ಇಡಿ. ಕೀಬೋರ್ಡ್ ಕೆಳಮುಖವಾಗಿರಬೇಕು. ಅಲುಗಾಡಿಸಬೇಡಿ, ಕೊಡವಬೇಡಿ. ಇನ್ನೂ ಒಳಗೆ ಇಳಿಯುತ್ತದೆ.

ಇಷ್ಟು ಮಾಡಿದರೆ ಅರ್ಧ ಕೆಲಸ ಮಾತ್ರ. ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ತೆಗೆಸಬೇಕು. ಸ್ಕ್ರೂ ಬಿಚ್ಚಿ ಅಭ್ಯಾಸ ಇದ್ದರೆ ನೀವೇ ಮಾಡಿ. ಇಲ್ಲದಿದ್ದರೆ ಹತ್ತಿರದ ಅಂಗಡಿ. ಇವತ್ತೇ. “ಒಣಗಿದ ಮೇಲೆ ಹೋಗೋಣ” ಅಂತ ಇಡಬೇಡಿ. ನೋಡೋಣ ಅಂತ ಒಂದು ಸಲ ಆನ್ ಮಾಡುವುದೂ ಬೇಡ.

ಪಿಜಿ ಹುಡುಗ: ಆಫ್ ಆಯ್ತು ಅಣ್ಣಾ. ಥ್ಯಾಂಕ್ಸ್. ಆಫ್ ಆದಮೇಲೂ ಬ್ಯಾಟರಿ ಯಾಕೆ ತೆಗೆಯಬೇಕು?

ಬೆಸುಗೆ: ಆಫ್ ಆಗಿರೋದು ಸ್ಕ್ರೀನ್. ಬೋರ್ಡ್ ಅಲ್ಲ. ಬ್ಯಾಟರಿ ಒಳಗಿದ್ದರೆ ಅದರ 11 ಅಥವಾ 15 ವೋಲ್ಟ್ ಬೋರ್ಡ್ ಮೇಲೆ ಇದ್ದೇ ಇರುತ್ತದೆ. ಪವರ್ ಬಟನ್ ಒತ್ತಿದ್ದು ಗೊತ್ತಾಗಬೇಕಲ್ಲ, ಅದಕ್ಕೆ 3.3 ವೋಲ್ಟ್ ಸಾಲು ಕೂಡ ಎಚ್ಚರವಾಗಿರುತ್ತದೆ. ನೀರೊಂದೇ ಇದ್ದರೆ ಬೋರ್ಡ್ ಕೆಡಲು ದಿನಗಟ್ಟಲೆ ಬೇಕು. ನೀರಿನ ಜೊತೆ ಕರೆಂಟ್ ಇದ್ದರೆ ಕೆಲವೇ ನಿಮಿಷ ಸಾಕು.

ನೀರುದೋಸೆ: ಅಕ್ಕಿ ಡಬ್ಬದಲ್ಲಿ 24 ಗಂಟೆ ಇಟ್ಟರೆ ಸಾಕು ಅಂತ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿತ್ತು ಮಾರಾಯ್ರೆ. ಹೌದಾ?

ಬೆಸುಗೆ: ಇಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿನ ನೀರನ್ನು ಹೊರಗಿನ ಅಕ್ಕಿ ಎಳೆಯುವುದಿಲ್ಲ. ಅಕ್ಕಿಯ ಹಿಟ್ಟು ಪೋರ್ಟ್‌ನೊಳಗೆ ಸೇರುತ್ತದೆ. 2024ರಲ್ಲಿ ಆಪಲ್ ಕಂಪನಿಯೇ ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಸಣ್ಣ ಕಣಗಳಿಂದ ಹಾನಿ ಆಗಬಹುದು ಅಂತ ಬರೆದು ಹಾಕಿದೆ.

ನೀರುದೋಸೆ: ಅದು ಪಾಲಿಶ್ ಮಾಡಿದ ಅಕ್ಕಿ. ಕುಚ್ಚಲಕ್ಕಿಯಲ್ಲಿ ಹಿಟ್ಟು ಇರುವುದಿಲ್ಲ.

ರಿಟೈರ್ಡ್ ಮೇಷ್ಟ್ರು: ಪಿಯುಸಿ ಫಿಸಿಕ್ಸ್ ಪ್ರಕಾರ ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಹಾಗಾಗಿ ಆರ್‌ಒ ನೀರು ಬಿದ್ದರೆ ಚಿಂತೆ ಇಲ್ಲ ಅನ್ನಬಹುದಲ್ಲವೇ?

ಬೆಸುಗೆ: ಸರ್, ಆರ್‌ಒ ನೀರು ಅಷ್ಟು ಶುದ್ಧ ಅಲ್ಲ. ಶುದ್ಧವೇ ಅಂದುಕೊಂಡರೂ ಕೀಬೋರ್ಡ್ ಕೆಳಗೆ 3 ವರ್ಷದ ಧೂಳು, ಬೆವರು, ಖಾರದ ಪುಡಿ ಇರುತ್ತದೆ. ಅದರಲ್ಲಿ ಹಾದು ಬಂದ ನೀರು ಶುದ್ಧವಾಗಿ ಉಳಿಯುವುದಿಲ್ಲ.

ಬೆಕ್ಕಿನ ಮನೆ: ಸರ್, ನಮ್ಮ ಬೆಕ್ಕು ಕೀಬೋರ್ಡ್ ಮೇಲೆ ಉಚ್ಚೆ ಹೊಯ್ದಿದೆ. ಏನು ಮಾಡಬೇಕು?

ತುಂಗಾತೀರ: ನಮಸ್ಕಾರ ಸರ್. ಹೋದ ಮಂಗಳವಾರ ಒಂದು ಲೋಟ ಮಸಾಲೆ ಮಜ್ಜಿಗೆ ಪೂರ್ತಿ ಕೀಬೋರ್ಡ್ ಮೇಲೆ ಬಿತ್ತು. ಆಫ್ ಮಾಡಿ ಒರೆಸಿ 2 ದಿನ ಫ್ಯಾನ್ ಕೆಳಗೆ ಇಟ್ಟೆವು. ಶುಕ್ರವಾರ ಆನ್ ಮಾಡಿದರೆ ಆನ್ ಆಯ್ತು. ಎಲ್ಲ ಸರಿ ಇದೆ. ಒಂದೇ ತೊಂದರೆ. ರಾತ್ರಿ ಆಫ್ ಮಾಡಿಟ್ಟರೆ ಬೆಳಿಗ್ಗೆ ಬ್ಯಾಟರಿ 40 ಪರ್ಸೆಂಟ್ ಕಮ್ಮಿ ಇರುತ್ತದೆ. ಎಡ ಅಂಗೈ ಇಡುವ ಜಾಗ ಸದಾ ಬೆಚ್ಚಗಿರುತ್ತದೆ. ಸ್ವಲ್ಪ ವಾಸನೆಯೂ ಇದೆ. ಮಗಳು ಡಿಗ್ರಿ ಕೊನೇ ವರ್ಷ, ಪ್ರಾಜೆಕ್ಟ್ ಎಲ್ಲ ಇದರಲ್ಲೇ ಇದೆ. ನಡೀತಿದೆ ಅಲ್ವಾ, ಹೀಗೇ ಬಿಡಬಹುದಾ?

ಬೆಸುಗೆ: ಮೇಡಂ, ಬಿಡಬೇಡಿ. ಮಿಕ್ಕವರು ಸ್ವಲ್ಪ ಕಾಯಿರಿ, ಇದಕ್ಕೆ ಮೊದಲು ಬರೆಯುತ್ತೇನೆ.

ಮೂರು ವಿಷಯ ಹೇಳಿ. ಆಫ್ ಇದ್ದಾಗಲೂ ಬೆಚ್ಚಗಿರುತ್ತದಾ? ಟಚ್‌ಪ್ಯಾಡ್ ಮೊದಲಿನ ಹಾಗೆ ಒತ್ತುತ್ತದಾ, ಇಲ್ಲಾ ಗಟ್ಟಿಯಾಗಿದೆಯಾ? ವಾಸನೆ ಹುಳಿ ಮಜ್ಜಿಗೆಯದಾ, ಇಲ್ಲಾ ನೇಲ್‌ಪಾಲಿಶ್ ತೆಗೆಯುವ ನೀರಿನ ಹಾಗಾ? ಚಾರ್ಜರ್ ಹಾಕಿದ್ದರೆ ಈಗಲೇ ತೆಗೆಯಿರಿ.

ಫಿಲ್ಟರ್ ಕಾಫಿ: ಹೇರ್ ಡ್ರೈಯರ್ ಹಾಕಬಹುದಾ?

ಬೆಸುಗೆ: ಬೇಡ. ನೀರನ್ನು ಚಿಪ್ ಕೆಳಗೆ ತಳ್ಳುತ್ತದೆ, ಕೀ ಸೊಟ್ಟಗಾಗುತ್ತದೆ. ಬಿಸಿಲೂ ಬೇಡ.

ತುಂಗಾತೀರ: ಹೌದು ಸರ್, ಆಫ್ ಇದ್ದಾಗಲೂ ಬೆಚ್ಚಗೆ. ಟಚ್‌ಪ್ಯಾಡ್ ಎಡಗಡೆ ಕ್ಲಿಕ್ ಆಗುತ್ತಿಲ್ಲ, ಮಜ್ಜಿಗೆ ಅಂಟಿರಬೇಕು ಅಂದುಕೊಂಡಿದ್ದೆವು. ವಾಸನೆ ಹುಳಿ ಇದೆ. ಬೇರೆ ಏನೋ ಸಿಹಿ ಥರವೂ ಇದೆ ಅಂತಾಳೆ ಮಗಳು.

ಬೆಸುಗೆ: ಲ್ಯಾಪ್‌ಟಾಪ್ ಈಗ ಎಲ್ಲಿದೆ? ಹಾಸಿಗೆ, ಸೋಫಾ ಮೇಲೆ ಇದ್ದರೆ ಎತ್ತಿ ಬರೀ ನೆಲದ ಮೇಲೆ ಇಡಿ. ಸುತ್ತ ಬಟ್ಟೆ, ಪೇಪರ್ ಇರಬಾರದು. ಪೂರ್ತಿ ಆಫ್ ಮಾಡಿ. ಸ್ಲೀಪ್ ಅಲ್ಲ, ಆಫ್. ಟಚ್‌ಪ್ಯಾಡ್ ಒತ್ತಿ ನೋಡುವುದು ಬೇಡ. ಚಾರ್ಜ್ ಮಾಡಲೇಬೇಡಿ.

ಯಾಕೆ ಅಂತ ಹೇಳುತ್ತೇನೆ. ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ಅಂಗೈ ಇಡುವ ಜಾಗದ ಕೆಳಗೇ. ಅದು ಊದಿದರೆ ಮೊದಲು ಕೆಡುವುದು ಟಚ್‌ಪ್ಯಾಡ್ ಕ್ಲಿಕ್, ಕೆಳಗಿನಿಂದ ತಳ್ಳುತ್ತದೆ. ಸಿಹಿ ವಾಸನೆ ಬ್ಯಾಟರಿಯ ಒಳಗಿನ ದ್ರವದ್ದಾಗಿರಬಹುದು. ಬಿಚ್ಚಿ ನೋಡದೆ ಖಚಿತ ಹೇಳಲಾರೆ. ಆದರೆ ಈ ಮೂರೂ ಒಟ್ಟಿಗೆ ಇದ್ದರೆ ನಾನು ನನ್ನ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ.

ಮಜ್ಜಿಗೆ ಯಾಕೆ ನೀರಿಗಿಂತ ಕೆಟ್ಟದ್ದು? ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಡಬೇಡ ಅಂತ ಅಜ್ಜಿ ಬೈಯುತ್ತಿದ್ದರಲ್ಲ, ಅದೇ ಕಾರಣ. ಹುಳಿ ಮತ್ತು ಉಪ್ಪು ತಾಮ್ರವನ್ನು ತಿಂದು ಹಸಿರು ಕಿಲುಬು ತರುತ್ತವೆ. ಬೋರ್ಡ್ ತುಂಬ ಇರುವುದು ಕೂದಲಿಗಿಂತ ತೆಳ್ಳಗಿನ ತಾಮ್ರದ ಗೆರೆಗಳು. ಪಾತ್ರೆಯಲ್ಲಿ ಕರೆಂಟ್ ಇರುವುದಿಲ್ಲ, ಇಲ್ಲಿ ಇದೆ. ಹಾಗಾಗಿ ಕಿಲುಬು ಓಡುತ್ತದೆ.

ಎರಡು ದಿನ ಒಣಗಿಸಿದ್ದೀರಿ. ಒಣಗಿದ್ದು ನೀರು. ಉಪ್ಪು ಅಲ್ಲೇ ಕೂತಿದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತಾನೇ ನೀರೊಡೆಯುತ್ತದಲ್ಲ, ಬೋರ್ಡ್ ಮೇಲಿನ ಉಪ್ಪೂ ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಆ ತೇವದ ದಾರಿಯಲ್ಲಿ ಕರೆಂಟ್ ಸೋರುತ್ತಿರಬಹುದು. ರಾತ್ರಿ 40 ಪರ್ಸೆಂಟ್ ಹೋಗಿದ್ದು ಅಲ್ಲಿಗೇ ಅಂತ ನನ್ನ ಅಂದಾಜು.

ಇವತ್ತೇ ಚಿಪ್ ಲೆವೆಲ್ ಕೆಲಸ, ಅಂದರೆ ಬೋರ್ಡ್ ಮೇಲಿನ ಬಿಡಿ ಚಿಪ್‌ಗಳನ್ನೇ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ಮೊದಲು ಬ್ಯಾಟರಿ ಬಿಡಿಸಲು ಹೇಳಿ. ಆಮೇಲೆ ಬೋರ್ಡ್ ಹೊರತೆಗೆದು ಡಿಸ್ಟಿಲ್ಡ್ ವಾಟರ್, ಅದರ ಮೇಲೆ 99 ಪರ್ಸೆಂಟ್ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಶ್‌ನಿಂದ ತೊಳೆಯಬೇಕು. ಐಪಿಎ ಒಂದೇ ಸಾಲದು, ಉಪ್ಪು ಸಕ್ಕರೆ ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ದಾರಿಯಲ್ಲಿ ಬೈಕಿನ ಡಿಕ್ಕಿಯಲ್ಲಿ ತುರುಕಬೇಡಿ. ಹೊಗೆ ಕಂಡರೆ ಮುಟ್ಟಬೇಡಿ, ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ತುಂಗಾತೀರ: ಸರ್ ಹೆದರಿಕೆ ಆಗ್ತಿದೆ. ಒಂದು ನಿಮಿಷ, ಪ್ರಾಜೆಕ್ಟ್ ಪೆನ್‌ಡ್ರೈವ್‌ಗೆ ಹಾಕಿಕೊಳ್ತಿದ್ದಾಳೆ.

ಬೆಸುಗೆ: ಬೇಡ. ಆಫ್ ಮಾಡಿಸಿ. ಪ್ರಾಜೆಕ್ಟ್ ಇರುವುದು ಎಸ್‌ಎಸ್‌ಡಿಯಲ್ಲಿ, ಅಂದರೆ ಫೈಲ್ ಉಳಿಸುವ ಡಿಸ್ಕ್‌ನಲ್ಲಿ. ಸಾಮಾನ್ಯವಾಗಿ ಅದು ಸ್ಕ್ರೂ ಬಿಚ್ಚಿ ತೆಗೆಯುವ ಬಿಡಿ ಭಾಗ, ಬೋರ್ಡ್ ಸತ್ತರೂ ಉಳಿಯುತ್ತದೆ. ಒಂದೇ ಕಂಟಕ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಆದರೆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನೇ ಬಿದ್ದಿರಬಹುದು. ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಫೋನಿನಿಂದ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಆ ಕೀ ಇದೆಯಾ ನೋಡಿ, ಬರೆದಿಟ್ಟುಕೊಳ್ಳಿ.

ಫಿಲ್ಟರ್ ಕಾಫಿ: ಹಾಗಾದರೆ ಹೇರ್ ಡ್ರೈಯರ್‌ನ ತಣ್ಣನೆ ಗಾಳಿ?

ವೈರ್‌ಮ್ಯಾನ್: ಡಬ್ಲ್ಯುಡಿ 40 ಸ್ಪ್ರೇ ಹೊಡೀರಿ ಗುರೂ. ನಾನು ಮೋಟರ್‌ಗೆಲ್ಲ ಅದೇ ಹೊಡಿಯೋದು.

ಬೆಸುಗೆ: ಅದು ಬೀಗಕ್ಕೆ, ಬೋಲ್ಟಿಗೆ. ಬೋರ್ಡಿಗಲ್ಲ. ಸ್ಯಾನಿಟೈಸರ್ ಕೂಡ ಬೇಡ, ಯಾರೋ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ನೀರೂ ಜೆಲ್ಲೂ ಇರುತ್ತದೆ.

ಬೆಕ್ಕಿನ ಮನೆ: ಸರ್, ಬೆಕ್ಕಿನದ್ದು?

ಹಳೇ ಥಿಂಕ್‌ಪ್ಯಾಡ್: ಅದಕ್ಕೇ ನಾನು ಥಿಂಕ್‌ಪ್ಯಾಡ್ ಬಿಟ್ಟು ಬೇರೆ ಮುಟ್ಟಲ್ಲ. ಕೀಬೋರ್ಡ್ ಕೆಳಗೆ ನೀರು ಹೋಗಲು ತೂತು ಇರುತ್ತೆ. ವಾಟರ್‌ಪ್ರೂಫ್.

ಬೆಸುಗೆ: ತೂತು ಹಲವು ಮಾಡೆಲ್‌ಗಳಲ್ಲಿ ಇದೆ, ನಿಜ. ವಾಟರ್‌ಪ್ರೂಫ್ ಅಲ್ಲ. ಕೀಬೋರ್ಡ್ ಮೇಲೆ ಬಿದ್ದ ಸ್ವಲ್ಪ ನೀರನ್ನು ಕೆಳಗೆ ಬಿಡುತ್ತದೆ ಅಷ್ಟೇ. ಪಕ್ಕದ ಪೋರ್ಟ್‌ನಿಂದ ಹೋದರೆ ಅದೇ ಗತಿ.

ಹಳೇ ಥಿಂಕ್‌ಪ್ಯಾಡ್: ನನ್ನದರ ಮೇಲೆ ಮೂರು ಸಲ ಚಹಾ ಬಿದ್ದಿದೆ. ಏನೂ ಆಗಿಲ್ಲ. ಅನುಭವದಿಂದ ಹೇಳ್ತಿದ್ದೀನಿ.

ಫಿಲ್ಟರ್ ಕಾಫಿ: ಮೂರು ಸಲ ಚೆಲ್ಲಿಕೊಳ್ಳೋರಿಗೆ ಲ್ಯಾಪ್‌ಟಾಪ್ ಅಲ್ಲ, ಲೋಟ ಬದಲಾಯಿಸಬೇಕು.

ಆಯುಧಪೂಜೆ: ಹಬ್ಬದ ದಿನ ಲ್ಯಾಪ್‌ಟಾಪ್ ಪೂಜೆಗೆ ಇಟ್ಟಾಗ ಕಲಶದ ನೀರು ಸೈಡಿನ ಪೋರ್ಟ್‌ಗೆ ಹೋಯಿತು. ಆಗಿನಿಂದ ಚಾರ್ಜ್ ಆಗುತ್ತಿಲ್ಲ. ಕುಂಕುಮವೂ ಸೇರಿರಬಹುದು.

ರಿಟೈರ್ಡ್ ಮೇಷ್ಟ್ರು: ಯಂತ್ರಕ್ಕೆ ಕುಂಕುಮ ಹಚ್ಚುವುದೇ ತಪ್ಪು. ಪೂಜೆ ಎಂದರೆ ಧೂಳು ಒರೆಸಿ ಒಪ್ಪವಾಗಿ ಇಡುವುದು.

ಆಯುಧಪೂಜೆ: ಸಾರ್, ನಾನು ಕೇಳಿದ್ದು ರಿಪೇರಿ. ಶಾಸ್ತ್ರ ಅಲ್ಲ.

ನೀರುದೋಸೆ: ನಮ್ಮಲ್ಲಿ ಮುಚ್ಚಳದ ಮೇಲೆ ಒಂದು ಹೂವು ಇಡುತ್ತೇವೆ ಅಷ್ಟೆ. ನೀರು ಪ್ರೋಕ್ಷಣೆ ಮಾಡುವುದು ನಿಮ್ಮ ಕಡೆಯವರೇ.

ವೈರ್‌ಮ್ಯಾನ್: ‘ನಿಮ್ಮ ಕಡೆ’ ಅಂದ್ರೆ ಏನರ್ಥ? ಅಕ್ಕಿಯಲ್ಲಿ ಲ್ಯಾಪ್‌ಟಾಪ್ ಬೇಯಿಸೋರು ಮಾತಾಡ್ತಾರೆ.

ನೀರುದೋಸೆ: ಬೇಯಿಸಲಿಲ್ಲ. ಇಡುವುದು ಅಂದೆ. ಓದಲು ಬರುವುದಿಲ್ಲವಾ?

ರಿಟೈರ್ಡ್ ಮೇಷ್ಟ್ರು: ದಯಮಾಡಿ ಭಾಷೆ ಮೇಲೆ ಹಿಡಿತ ಇರಲಿ.

ಅಡ್ಮಿನ್: ಸಾಕು. ವಿಷಯಕ್ಕೆ ಬನ್ನಿ.

ಬೆಸುಗೆ: ಪೂಜೆಯವರೇ, ಚಾರ್ಜಿಂಗ್ ಪೋರ್ಟ್‌ನಲ್ಲಿ ಕಿಲುಬು ಬಂದಿರುತ್ತದೆ. ಅದರಲ್ಲಿ 19–20 ವೋಲ್ಟ್ ಬರುತ್ತದೆ. ಅಲುಗಾಡಿಸಿ ಚಾರ್ಜ್ ಮಾಡುವ ಪ್ರಯತ್ನ ಬೇಡ, ಪೋರ್ಟ್ ತೊಳೆಸಿ ಅಥವಾ ಬದಲಾಯಿಸಿ.

ಕೋಡಿಂಗ್ ಕೂಲಿ: ನನ್ನದು ವಾರಂಟಿಯಲ್ಲಿದೆ. ನೀರು ಬಿದ್ದಿದ್ದು ಹೇಳದೆ ‘ತಾನೇ ಆಫ್ ಆಯ್ತು’ ಅಂದರೆ ನಡೆಯುತ್ತಾ?

ಬೆಸುಗೆ: ಸಿಕ್ಕಿಬೀಳುತ್ತೀರಿ. ಹಲವು ಲ್ಯಾಪ್‌ಟಾಪ್‌ಗಳ ಒಳಗೆ ನೀರು ತಾಗಿದರೆ ಕೆಂಪಾಗುವ ಬಿಳಿ ಪಟ್ಟಿ ಇರುತ್ತದೆ. ಅದಿಲ್ಲದಿದ್ದರೂ ಕಲೆ ಕಾಣುತ್ತದೆ. ಮಾಮೂಲಿ ವಾರಂಟಿಯಲ್ಲಿ ನೀರು ಬಿದ್ದದ್ದು ಬರುವುದಿಲ್ಲ. ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ದುಡ್ಡು ಕೊಟ್ಟು ತೆಗೆದುಕೊಂಡಿದ್ದರೆ ಬರುತ್ತದೆ. ಬಿಲ್ ನೋಡಿ. ಸುಳ್ಳು ಹೇಳಿದರೆ ರಿಪೇರಿಯವನು ತಪ್ಪು ಜಾಗ ಹುಡುಕುತ್ತಾನೆ, ನಷ್ಟ ನಿಮ್ಮದೇ.

ಮ್ಯಾಕ್‌ಬುಕ್ ಮಗ: ಮ್ಯಾಕ್‌ಬುಕ್‌ಗೆ ಕಾಫಿ. ಎಷ್ಟಾಗುತ್ತೆ?

ಬೆಸುಗೆ: ನೋಡದೆ ಹೇಳುವುದಿಲ್ಲ. ಆಪಲ್‌ನದೇ ಎಂ ಚಿಪ್ (ಎಂ1, ಎಂ2 ಇತ್ಯಾದಿ) ಇರುವುದಾದರೆ ಸ್ಟೋರೇಜ್‌ನ ಕೀಲಿ ಬೋರ್ಡ್‌ನ ಚಿಪ್‌ನಲ್ಲೇ ಇರುತ್ತದೆ. ಡೇಟಾ ಬೇಕಂದರೆ ಬೋರ್ಡ್ ಬದುಕಬೇಕು. ಬೋರ್ಡ್ ಬದಲಾಯಿಸುತ್ತೇವೆ ಅನ್ನುವವರಿಗೆ ಕೊಡುವ ಮೊದಲು ಇದನ್ನು ಯೋಚಿಸಿ.

ಫಿಲ್ಟರ್ ಕಾಫಿ: ತಣ್ಣನೆ ಗಾಳಿ ಬಗ್ಗೆ ಉತ್ತರ ಬರಲಿಲ್ಲ.

ಬೆಸುಗೆ: ಮೇಲೆ ಓದಿ. ಒಣಗಿಸುವುದು ಬೇರೆ, ತೊಳೆಯುವುದು ಬೇರೆ ಅಂತ ಒಂದು ಪುಟ ಬರೆದಿದ್ದೇನೆ.

ಫಿಲ್ಟರ್ ಕಾಫಿ: ಕೇಳಿದ್ದಕ್ಕೆ ಹೌದು ಇಲ್ಲ ಅಂದರೆ ಸಾಕಿತ್ತು. ಇಷ್ಟು ಸಿಡುಕು ಯಾಕೆ?

ಹಳೇ ಥಿಂಕ್‌ಪ್ಯಾಡ್: ಅವರು ಅಂಗಡಿಗೆ ಗಿರಾಕಿ ಬರಲಿ ಅಂತ ಹೆದರಿಸ್ತಾರೆ. ಅಷ್ಟೇ.

ಬೆಸುಗೆ: ನನ್ನ ಅಂಗಡಿ ಮೈಸೂರಲ್ಲಿ, ಆ ಮೇಡಂ ಇರೋದು ಶಿವಮೊಗ್ಗದ ಕಡೆ ಅಂತ ಹೆಸರೇ ಹೇಳುತ್ತದೆ. ಲೆಕ್ಕ ನೀವೇ ಹಾಕಿ.

ನೀರುದೋಸೆ: ಈಗ ಇನ್ನೊಂದು ವಿಡಿಯೋ ಬಂತು, ಓವನ್‌ನಲ್ಲಿ 50 ಡಿಗ್ರಿ ಇಟ್ಟು...

ಬೆಸುಗೆ: ಒಳಗೆ ಬ್ಯಾಟರಿ ಇದೆ ಮಾರಾಯ್ರೆ! ಅಡ್ಮಿನ್, ಆ ವಿಡಿಯೋ ಹಾಕಿದರೆ ತೆಗೆದುಬಿಡಿ.

ಅಡ್ಮಿನ್: ತೆಗೆದಿದ್ದೇನೆ. ಅಕ್ಕಿ, ಓವನ್, ಹೇರ್ ಡ್ರೈಯರ್ ಬಗ್ಗೆ ಇನ್ನು ಮುಂದೆ ಬಂದ ಸಂದೇಶ ಇರುವುದಿಲ್ಲ.

ಬೆಕ್ಕಿನ ಮನೆ: ಬೆಕ್ಕು?

ಪಿಜಿ ಹುಡುಗ: ಅಣ್ಣಾ ಅಂಗಡಿಯಲ್ಲಿದ್ದೀನಿ. ಬ್ಯಾಟರಿ ತೆಗೆದರು. ಬೋರ್ಡ್ ಮೇಲೆ ಎರಡೇ ಹನಿ ಇತ್ತಂತೆ. ಕೀಬೋರ್ಡ್ ಮಾತ್ರ ಹೋಗಬಹುದು ಅಂದರು.

ಬೆಸುಗೆ: ಒಳ್ಳೆಯದು. ಕೀಬೋರ್ಡ್ ಹೋದರೆ ಹೋಗಲಿ. ತೊಳೆಯದೆ ವಾಪಸ್ ತರಬೇಡಿ.

ತುಂಗಾತೀರ: ಸರ್, ಅಂಗಡಿಯಲ್ಲಿ ಬಿಚ್ಚಿದರು. ಬ್ಯಾಟರಿ ಒಂದು ಕಡೆ ದಿಂಬಿನ ಹಾಗೆ ಊದಿದೆ. ಕನೆಕ್ಟರ್ ಹತ್ತಿರ ಹಸಿರು ಪುಡಿ. ಅವರೂ ನಿಮ್ಮ ಹಾಗೇ ಅಂದರು, ಇವತ್ತು ತಂದಿದ್ದು ಒಳ್ಳೆಯದಾಯ್ತು ಅಂತ. ಎಸ್‌ಎಸ್‌ಡಿ ತೆಗೆದು ಇನ್ನೊಂದಕ್ಕೆ ಹಾಕಿದರೆ ನೀವು ಹೇಳಿದ 48 ಅಂಕಿ ಕೇಳುತ್ತಿದೆ. ಮಗಳ ಅಕೌಂಟಲ್ಲಿ ಕೀ ಇಲ್ಲ.

ಬೆಸುಗೆ: ಲ್ಯಾಪ್‌ಟಾಪ್ ಕೊಂಡ ದಿನ ಮೊದಲ ಸೆಟಪ್ ಮಾಡಿದ್ದು ಯಾರು? ಅವರ ಇಮೇಲ್‌ನಲ್ಲಿ ಇರುತ್ತದೆ.

ತುಂಗಾತೀರ: ಕೊಂಡ ಅಂಗಡಿಯ ಹುಡುಗನೇ ಮಾಡಿಕೊಟ್ಟಿದ್ದ. ಯಾವ ಇಮೇಲ್ ಹಾಕಿದನೋ.

ಬೆಸುಗೆ: ಆಗ ಒಟಿಪಿ ಯಾರ ಫೋನಿಗೆ ಬಂದಿತ್ತು, ನೆನಪು ಮಾಡಿಕೊಳ್ಳಿ. ಆ ನಂಬರಿನಿಂದ ಅಕೌಂಟ್ ಹುಡುಕಬಹುದು. ಸಿಗದಿದ್ದರೆ ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಬೋರ್ಡ್ ತೊಳೆದು ಅದೇ ಬೋರ್ಡ್ ಎದ್ದರೆ ಕೀ ಇಲ್ಲದೆಯೂ ತೆರೆಯುವ ಸಾಧ್ಯತೆ ಇದೆ.

ವೈರ್‌ಮ್ಯಾನ್: ಗೂಗಲ್ ಡ್ರೈವ್ ಅಂತ ಒಂದು ಇದೆ ಮೇಡಂ.

ರಿಟೈರ್ಡ್ ಮೇಷ್ಟ್ರು: ಈಗ ಅದನ್ನು ಹೇಳಿ ಏನು ಪ್ರಯೋಜನ?

ತುಂಗಾತೀರ: ಸಿಕ್ತು ಸರ್! ನಮ್ಮ ಮಾವನವರ ಫೋನ್ ನಂಬರ್ ಕೊಟ್ಟಿದ್ದೆವು. ಅವರ ಹೆಸರಲ್ಲಿ ಅಕೌಂಟ್ ಇತ್ತು, ಅವರಿಗೇ ಗೊತ್ತಿರಲಿಲ್ಲ. ಕೀ ಹಾಕಿದರು, ಫೋಲ್ಡರ್ ಎಲ್ಲ ಕಾಣ್ತಿದೆ. ಕಾಪಿ ಆಗ್ತಿದೆ. ಊದಿದ ಬ್ಯಾಟರಿ ಮನೆಗೆ ತರಲಾ? ಹೊಸದಕ್ಕೆ ಹಳೇದು ಕೊಟ್ಟರೆ ಸ್ವಲ್ಪ ಕಮ್ಮಿ ಮಾಡ್ತಾರಾ?

ಬೆಸುಗೆ: ಮನೆಗೆ ತರಬೇಡಿ. ಕಸದ ಗಾಡಿಗೂ ಹಾಕಬೇಡಿ. ಇ-ವೇಸ್ಟ್‌ಗೆ ಹಾಕಿ ಅಂತ ಹೇಳಿ ಅವರ ಹತ್ತಿರವೇ ಬಿಟ್ಟುಬನ್ನಿ. ಹಣ ಕಮ್ಮಿ ಮಾಡುವುದು ಅವರಿಷ್ಟ. ನನ್ನ ಊಟ ಆರಿಹೋಯಿತು, ಬರುತ್ತೇನೆ.