ಹಳೇ ಸಿಜೆ-3ಬಿ ಜೀಪಿನ ಮುಂದಿನ ಚಕ್ರದ ಸೀಲು, ಬೇರಿಂಗು ಎಲ್ಲಿ ಸಿಗುತ್ತದೆ?

ತೋಟದಜೀಪು_ಕಳಸ:
ಎಲ್ಲರಿಗೂ ನಮಸ್ಕಾರ. ನಮ್ಮದು 1974ರ ಮಹೀಂದ್ರಾ ಸಿಜೆ-3ಬಿ, ಎತ್ತರದ ಬಾನೆಟ್ಟಿನದು. ಅಪ್ಪ ತಗೊಂಡಿದ್ದು. ಈಗ ತೋಟಕ್ಕೆ ಗೊಬ್ಬರ ಹೊರುವುದು, ಕಾಫಿ ಮೂಟೆ ಇಳಿಸುವುದು, ಇಷ್ಟೇ ಕೆಲಸ. ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಚಕ್ರದ ನಡುವಿನ ಹಬ್ ಮುಳುಗುವಷ್ಟು ನೀರು.

ಎಡಗಡೆ ಮುಂದಿನ ಚಕ್ರದ ಹಿಂದೆ ನಕಲ್ ಗುಂಡು (ಚಕ್ರ ಎಡಬಲ ಹೊರಳುವ ಕೀಲಿನ ಉಂಡೆ) ಇದೆಯಲ್ಲ, ಅಲ್ಲಿಂದ ಎಣ್ಣೆ ಸೋರಿ ಟಯರಿನ ಒಳಬದಿಯೆಲ್ಲ ಒದ್ದೆ. ಮೂವತ್ತು ಸ್ಪೀಡ್ ದಾಟಿದರೆ ಅದೇ ಕಡೆ ಗುಂಯ್ ಅಂತ ಸದ್ದು ಬೇರೆ. ಮೂಡಿಗೆರೆ, ಚಿಕ್ಕಮಗಳೂರು ಎರಡೂ ಕಡೆ ಅಂಗಡಿ ಸುತ್ತಿದೆ. ಜೀಪಿನ ಹೆಸರು ಹೇಳಿದ ಕೂಡಲೇ "ಅದೆಲ್ಲ ಬರೋದು ನಿಂತು ಎಷ್ಟು ವರ್ಷ ಆಯ್ತು ಮಾರಾಯ್ರೆ" ಅಂತ ನಗುತ್ತಾರೆ. ಒಬ್ಬರು ಡಬ್ಬಿಯೂ ಇಲ್ಲದ ಒಂದು ಸೀಲು ಕೊಟ್ಟರು. ಹಾಕಿಸಿದೆ. ಎರಡೇ ತಿಂಗಳು! ಬೆಂಗಳೂರಿಗೆ ಬಂದರೆ ಸಿಗಬಹುದಾ?

ರಬ್ಬರ್‌ಬುಷ್:
ಜೆ.ಸಿ. ರಸ್ತೆಯಲ್ಲಿ ಒಂದು ರೌಂಡ್ ಹಾಕಿ ಸರ್. ಬೇರಿಂಗಿಗೆ ಎಸ್.ಜೆ.ಪಿ. ರಸ್ತೆ ಕಡೆ ನೋಡಿ. ಭಾನುವಾರ ಮಾತ್ರ ಬರಬೇಡಿ. ಇಡೀ ಆಕ್ಸಲ್ಲೇ ಬೇಕು ಅಂದರೆ ಹರಿಯಾಣದ ಮಂಡಿ ಡಬ್ವಾಲಿ ಇದೆ, ಹಳೇ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಆದರೆ ಒಂದು ಸೀಲಿಗೆ ಅಲ್ಲೀವರೆಗೂ ಯಾಕೆ, ಅಲ್ವಾ?

ಹಳೇಸ್ಪ್ಯಾನರ್_ಸಕಲೇಶಪುರ:
ತಮ್ಮಾ, ಅಂಗಡಿಯಲ್ಲಿ ಜೀಪಿನ ಹೆಸರು ಹೇಳಿದ್ದೇ ತಪ್ಪಾಯಿತು. ಬೇರಿಂಗ್ ಅಂಗಡಿಯವರಿಗೆ ಗಾಡಿ ಯಾವುದಾದರೇನು, ನಂಬರ್ ಬೇಕು.

ಹಬ್ ಬಿಚ್ಚಿ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳಿ. ಹಳೇ ಬನಿಯನ್ನಲ್ಲಿ ಒರೆಸಿ ಬಿಸಿಲಿಗೆ ಓರೆಯಾಗಿ ಹಿಡಿದು ನೋಡು. ಒಳಗಿನ ಬಳೆ, ಅಂದರೆ ಕೋನ್, ಅದರ ಅಂಚಲ್ಲಿ 18590, ಹೊರಗಿನ ಬಳೆ, ಅಂದರೆ ಕಪ್, ಅದರ ಮೇಲೆ 18520 ಅಂತ ಇರುತ್ತದೆ. ಈ ಜೀಪಿನ ಮೂಲ ಕಂಪನಿ ವಿಲ್ಲೀಸ್ ಕಾಲದಿಂದಲೂ ಅದೇ. ಒಂದು ಹಬ್‌ಗೆ ಅಂಥವು ಎರಡು. ಒಳ ಅಳತೆ 41.275 ಮಿ.ಮೀ., ಹೊರಗಿನದು 73.025. ಅಂಕಿ ನೋಡಿ ಗಾಬರಿ ಬೇಡ, ಅದು ಇಂಚಿನ ಲೆಕ್ಕ: 1 5/8, 2 7/8. ಮಿಲಿಮೀಟರ್ ಬೇರಿಂಗ್ ತಂದು "ಹತ್ತಿರ ಹತ್ತಿರ ಕೂರುತ್ತದೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ನಕಲ್ ಬಿಚ್ಚಿದ ಮೇಲೆ ಚಕ್ರ ಹೊರಳುವ ಕೀಲಿನ ಕಿಂಗ್‌ಪಿನ್ ಬೇರಿಂಗನ್ನೂ ನೋಡಿಬಿಡು. ಅದು 11590, ಕಪ್ 11520.

ಸೀಲಿನ ಮೇಲೆ ನಂಬರ್ ಅಳಿಸಿಹೋಗಿರುತ್ತದೆ. ವರ್ನಿಯರ್‌ನಲ್ಲಿ ಮೂರು ಅಳತೆ ತಗೋ: ಸೀಲಿನ ತುಟಿ (ಒಳಗಿನ ರಬ್ಬರ್ ಅಂಚು) ಉಜ್ಜುವ ಶಾಫ್ಟ್, ಸೀಲು ಕೂರುವ ಗುಂಡಿ, ಅಗಲ. ಹಳೇ ಸೀಲಿನ ತುಟಿಯನ್ನು ಅಳೆಯಲು ಹೋಗಬೇಡ. ಅದು ಹುಟ್ಟುವಾಗಲೇ ಶಾಫ್ಟಿಗಿಂತ ಚಿಕ್ಕದು, ಆಮೇಲೆ ಸವೆದು ಇನ್ನೇನೋ ಆಗಿರುತ್ತದೆ. ನಾನು ಹಾಗೆ ಅಳೆದು ಎರಡು ಸಲ ಸೀಲು ವಾಪಸ್ ಕೊಟ್ಟವನು.

ನಿನ್ನ ಹೊಸ ಸೀಲು ಕಳಪೆಯೇ ಇರಬೇಕು ಅಂತೇನಿಲ್ಲ. ತುಟಿ ಕೂರುವ ಜಾಗದ ಮೇಲೆ ಉಗುರು ಎಳೆದು ನೋಡು. ಸಿಕ್ಕಿಕೊಂಡರೆ ಅಲ್ಲಿ ಗೆರೆ ಬಿದ್ದಿದೆ. ಅದರ ಮೇಲೆ ಚಿನ್ನದ ಸೀಲು ಹಾಕಿದರೂ ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಒಂದೂವರೆ ಮಿಲಿಮೀಟರ್ ಆಚೀಚೆ ಕೂರಿಸು, ತುಟಿ ಹೊಸ ಜಾಗಕ್ಕೆ ಬೀಳುತ್ತದೆ. ಇಲ್ಲದಿದ್ದರೆ ಮೇಲೆ ತೆಳು ಸ್ಲೀವ್ (ಲೋಹದ ಕವಚ) ಹೊಡೆಸು.

ಎಣ್ಣೆ ಎಲ್ಲಿಂದ ಬರುತ್ತಿದೆ ಅನ್ನುವುದು ಇನ್ನೂ ಮುಖ್ಯ. ಗುಂಡಿನ ಹಿಂದೆ ಇರುವುದು ಎರಡು ಹೋಳಿನ ತಗಡು, ಅದರಲ್ಲಿ ಫೆಲ್ಟು (ಒತ್ತಿದ ದಪ್ಪ ಬಟ್ಟೆ). ಒಳಗೆ ಆಕ್ಸಲ್ ಟ್ಯೂಬಲ್ಲಿ ಬೇರೆಯೇ ಒಂದು ಸೀಲು. ಆಕ್ಸಲ್ಲಿನ ಗೇರ್ ಗುಂಡು, ಅಂದರೆ ಡಿಫರೆನ್ಷಿಯಲ್, ಅದರಲ್ಲಿ ಎಣ್ಣೆ ಇಳಿದು ನಕಲ್ ತುಂಬಿ ಹೊರಗೆ ಬರುತ್ತಿದ್ದರೆ ಒಳಗಿನದು ಹೋಗಿದೆ. ಆಗ ಸುಮ್ನೆ ಹೊರಗಿನದನ್ನು ಬದಲಿಸುತ್ತಾ ಕೂತರೆ ದುಡ್ಡು ದಂಡ.

ತೋಟದಜೀಪು_ಕಳಸ:
ಅಣ್ಣ, ನಿನ್ನೆ ಬಿಚ್ಚಿದೆವು. ನಕಲ್ ಒಳಗಿನ ಎಣ್ಣೆ ಹಾಲು ಹಾಕಿದ ಕಾಫಿ ಥರ ಆಗಿದೆ. ಡಿಫರೆನ್ಷಿಯಲ್ ಲೆವೆಲ್ ಸರಿಯಾಗಿದೆ. ಗುಂಡಿನ ಮೇಲೆ ಕೆಳಭಾಗದಲ್ಲಿ ತುಕ್ಕು ತಿಂದ ಚುಕ್ಕಿಗಳು, ಉಗುರು ಸಿಕ್ಕಿಕೊಳ್ಳುತ್ತದೆ. ಮೊಬೈಲ್ ಟಾರ್ಚಿನಲ್ಲಿ 18590 ಕಂಡಿತು. ಹಾಸನದ ಒಂದು ಬೇರಿಂಗ್ ಅಂಗಡಿಗೆ ಫೋನ್ ಮಾಡಿ ಬರೀ ನಂಬರ್ ಹೇಳಿದೆ. "ಎಷ್ಟು ಪೀಸ್ ಬೇಕು?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಇನ್ನು ಆ ಫೆಲ್ಟಿಗೆ ಏನು ಮಾಡಲಿ?

ಹಳೇಸ್ಪ್ಯಾನರ್_ಸಕಲೇಶಪುರ:
ಹಾಗಾದರೆ ಹಳ್ಳದ ನೀರೇ ಒಳಗೆ ಹೋಗಿದೆ. ಗುಂಡನ್ನು ಸಣ್ಣ ಎಮರಿ ಪೇಪರಲ್ಲಿ ಉಜ್ಜಿ ನುಣುಪು ಮಾಡು, ಇಲ್ಲದಿದ್ದರೆ ಆ ಚುಕ್ಕಿಗಳು ಹೊಸ ಫೆಲ್ಟನ್ನು ತುರಿದುಹಾಕುತ್ತವೆ. ಫೆಲ್ಟ್ ಕಿಟ್ ಜೆ.ಸಿ. ರಸ್ತೆಯಲ್ಲಿ ವಿಚಾರಿಸು, ಹಳೇ ತಗಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗು. ಹಾಕುವ ಹಿಂದಿನ ರಾತ್ರಿ ಫೆಲ್ಟನ್ನು ಎಣ್ಣೆಯಲ್ಲಿ ನೆನೆಹಾಕು. ಒಣ ಫೆಲ್ಟ್ ನೀರು ಕುಡಿಯುತ್ತದೆ.

ಹಬ್ ಕೂರಿಸುವಾಗ ಚಕ್ರ ತಿರುಗಿಸುತ್ತಾ ಒಳಗಿನ ನಟ್ಟನ್ನು ಚಕ್ರ ಬಿಗಿ ಹಿಡಿಯುವವರೆಗೆ ಎಳಿ, ಆಮೇಲೆ ಒಂದು ಸುತ್ತಿನ ಆರನೇ ಒಂದು ಭಾಗದಷ್ಟು ಸಡಿಲಿಸು. ಲಾಕ್ ವಾಷರ್ ಮಡಚಲು ಮರೀಬೇಡ. ಬಲಗಡೆಯದನ್ನೂ ಈಗಲೇ ಬಿಚ್ಚಿ ನೋಡಿಬಿಡು, ಅದೂ ಅದೇ ಹಳ್ಳ ದಾಟಿದ್ದಲ್ವಾ.